ಕರೆಂಟ್ ಬಂದ ಮೇಲೆ ಐಪಿ ಇಲ್ಲ, ನೆಟ್ ಇಲ್ಲ, ಲಾಗಿನ್ ಇಲ್ಲ: ಸರ್ವರ್‌ನ ತಾರೀಖು ನೋಡಿದ್ರಾ?

ಕೋಲಾರ ಜಿಲ್ಲೆಯ ವೇಮಗಲ್, ನರಸಾಪುರ, ಮಾಲೂರು ಕಡೆ ಕಾರ್ಖಾನೆಗಳ ಸರ್ವರ್ ನೋಡಿಕೊಳ್ಳುವವರಿಗೆ ಈ ತೊಂದರೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಭಾನುವಾರ ರಜೆ. ಕರೆಂಟ್ ಹೋಗಿದೆ, ಯುಪಿಎಸ್ ಎಳೆಯುವಷ್ಟು ಎಳೆದು ಕೈಬಿಟ್ಟಿದೆ, ಸರ್ವರ್ ಪೂರ್ತಿ ಆಫ್ ಆಗಿದೆ. (1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಕರೆಂಟ್ ಎಳೆದು ತಂದ ಜಿಲ್ಲೆ ನಮ್ಮದು, ಆದರೂ ಒಂದು ಜೋರು ಮಳೆ ಸಾಕು.) ಸಂಜೆ ಕರೆಂಟ್ ಬಂದಾಗ ಸರ್ವರ್ ತಾನೇ ಆನ್ ಆಗಿದೆ, ದೀಪಗಳೆಲ್ಲ ಹಸಿರು. ಸೋಮವಾರ ಮೊದಲ ಶಿಫ್ಟ್ ಶುರುವಾಗುತ್ತಿದ್ದ ಹಾಗೆ ಫೋನ್ ಮೇಲೆ ಫೋನ್.

ತಮಾಷೆ ಏನಂದ್ರೆ ಒಬ್ಬೊಬ್ಬರ ದೂರು ಒಂದೊಂದು ಥರ. ಸ್ಟೋರ್ಸ್‌ನವರು "ಸಾರ್, ಸ್ಕ್ಯಾನರ್‌ಗೆ ಐಪಿ ಬರ್ತಿಲ್ಲ" ಅನ್ನುತ್ತಾರೆ. ಅಕೌಂಟ್ಸ್‌ನವರಿಗೆ ಐಪಿ ಇದೆ, ಆದರೆ ಹೊರಗಿನ ಒಂದು ವೆಬ್‌ಸೈಟೂ ತೆರೆಯುತ್ತಿಲ್ಲ. ಡಿಸೈನ್ ವಿಭಾಗದವರು ಕಂಪ್ಯೂಟರ್‌ಗೆ ಲಾಗಿನ್ ಆಗಿದ್ದಾರೆ, ಆದರೆ ಫೈಲ್ ಶೇರ್ ಮುಟ್ಟಿದರೆ ಪಾಸ್‌ವರ್ಡ್ ಕೇಳುತ್ತದೆ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಪ್ಪುವುದಿಲ್ಲ. ಮೂರು ದೂರು, ಮೂರು ಸರ್ವಿಸ್: ಐಪಿ ಹಂಚುವ ಡಿಎಚ್‌ಸಿಪಿ, ಹೆಸರು ಕೊಟ್ಟರೆ ಐಪಿ ಹುಡುಕಿಕೊಡುವ ಡಿಎನ್‌ಎಸ್, ಎಲ್ಲ ಕಂಪ್ಯೂಟರ್‌ಗೂ ಒಂದೇ ಖಾತೆಯಿಂದ ಒಳಗೆ ಬಿಡುವ ಡೊಮೇನ್ ಲಾಗಿನ್. ಮೂರೂ ಒಂದೇ ಲಿನಕ್ಸ್ ಡಬ್ಬಿಯಲ್ಲಿ ಓಡುತ್ತಿವೆ. ಆಗ ಬಹಳ ಜನ ಮಾಡುವುದು ಎರಡು ಕೆಲಸ. ಒಂದು, ಸರ್ವರ್ ರೀಸ್ಟಾರ್ಟ್. ಎರಡು, ಒಂದೊಂದೇ ಸರ್ವಿಸ್‌ನ ಕಾನ್ಫಿಗ್ ಫೈಲ್ ತೆರೆದು ಕೆದಕುವುದು. ಎರಡೂ ಬೇಡ. ಶನಿವಾರ ಸರಿಯಾಗಿ ಓಡುತ್ತಿದ್ದ ಕಾನ್ಫಿಗ್ ಫೈಲ್ ಭಾನುವಾರ ತಾನಾಗಿ ಕೆಡುವುದಿಲ್ಲ. ಮೂರೂ ಒಟ್ಟಿಗೆ ಕೆಟ್ಟಿವೆ ಅಂದ್ರೆ ಮೂರೂ ನೆಚ್ಚಿಕೊಂಡಿರುವ ಯಾವುದೋ ಒಂದು ಕೆಟ್ಟಿದೆ. ಅಂಥವು ಜಾಸ್ತಿ ಇಲ್ಲ: ಡಿಸ್ಕ್ ತುಂಬಿರಬೇಕು, ನೆಟ್‌ವರ್ಕ್ ಕಾರ್ಡ್ ಎದ್ದಿರಬಾರದು, ಇಲ್ಲಾ ಗಡಿಯಾರ ತಪ್ಪಿರಬೇಕು.

ಅದಕ್ಕೇ ಸರ್ವರ್‌ಗೆ ಲಾಗಿನ್ ಆದ ತಕ್ಷಣ ಹೊಡೆಯಬೇಕಾದ ಮೊದಲ ಕಮಾಂಡ್ 'ಟೈಮ್‌ಡೇಟ್‌ಸಿಟಿಎಲ್'. ಒಂದು ಸೆಕೆಂಡಿನ ಕೆಲಸ. ಅದು ಲೋಕಲ್ ಟೈಮ್, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ), ಮದರ್‌ಬೋರ್ಡ್‌ನ ಆರ್‌ಟಿಸಿ ಗಡಿಯಾರದ ಟೈಮ್, ಹೊರಗಿನ ಟೈಮ್ ಸರ್ವರ್ ಜೊತೆ ಸಿಂಕ್ ಆಗಿದೆಯೋ ಇಲ್ಲವೋ, ಎಲ್ಲವನ್ನೂ ಒಟ್ಟಿಗೆ ತೋರಿಸುತ್ತದೆ. ಕೈಯಲ್ಲಿರುವ ಮೊಬೈಲ್ ಜೊತೆ ಹೋಲಿಸಿ. ಗಂಟೆ ನಿಮಿಷ ಮಾತ್ರ ಅಲ್ಲ, ವರ್ಷವನ್ನೂ ನೋಡಿ. ಜನ ಗಂಟೆ ನೋಡುತ್ತಾರೆ, ವರ್ಷ ನೋಡುವುದೇ ಇಲ್ಲ.

ವ್ಯತ್ಯಾಸ ಎಷ್ಟು ಅನ್ನುವುದೇ ಅರ್ಧ ಉತ್ತರ

ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ ಇದ್ದರೆ ಬ್ಯಾಟರಿ ಹೋಗಿಲ್ಲ, ಸುಮ್ನೆ ಡಬ್ಬಿ ಬಿಚ್ಚಬೇಡಿ. ನಮ್ಮ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ಯಾರೋ ಬಯೋಸ್‌ನಲ್ಲಿ (ಆನ್ ಆದ ಕೂಡಲೇ ಓಡುವ ಮದರ್‌ಬೋರ್ಡ್ ಪ್ರೋಗ್ರಾಮ್) ಭಾರತದ ಸಮಯ ಹಾಕಿದ್ದಾರೆ, ಲಿನಕ್ಸ್ ಅದನ್ನು ಯುಟಿಸಿ ಅಂತ ಓದುತ್ತಿದೆ, ಇಲ್ಲಾ ಉಲ್ಟಾ. ಕೆಲವು ನಿಮಿಷ ಮಾತ್ರ ವ್ಯತ್ಯಾಸ ಅಂದ್ರೆ ಸಿಂಕ್ ನಿಂತು ಬಹಳ ದಿನ ಆಗಿದೆ, ಗಡಿಯಾರ ನಿಧಾನವಾಗಿ ಜಾರಿದೆ, ಕರೆಂಟ್ ಹೋಗಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲದೇ ಇರಬಹುದು. ವರ್ಷಗಳೇ ಹಿಂದೆ ಹೋಗಿದ್ದರೆ ಅದು ಮದರ್‌ಬೋರ್ಡ್ ಮೇಲಿನ ಸಿಮಾಸ್ ಬ್ಯಾಟರಿ. ಆಗ ತಾರೀಖು ಲಿನಕ್ಸ್‌ನ ಕಾಲದ ಲೆಕ್ಕ ಶುರುವಾಗುವ 1970ಕ್ಕೆ ಹೋಗಿರಬೇಕು ಅಂತ ಹುಡುಕಬೇಡಿ. ಬಯೋಸ್ ತನ್ನ ಡಿಫಾಲ್ಟ್ ತಾರೀಖಿಗೆ ಹೋಗುತ್ತದೆ, ಅದೂ ತೀರಾ ಹಳೆಯದಾದರೆ ಲಿನಕ್ಸ್‌ನ ಸರ್ವಿಸ್‌ಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಬೂಟ್ ಆಗುವಾಗ ಗಡಿಯಾರವನ್ನು ತಾನು ಬಿಲ್ಡ್ ಆದ ಕಾಲಕ್ಕಾದರೂ ತಂದು ನಿಲ್ಲಿಸುತ್ತದೆ. ಹಾಗಾಗಿ ಕಾಣುವ ತಾರೀಖು "ಇದೇನೋ ಒಂದೆರಡು ವರ್ಷ ಹಿಂದಿನದು" ಅನ್ನುವ ಹಾಗೆ ಇರಬಹುದು, ಮೊದಲ ನೋಟಕ್ಕೆ ಅನುಮಾನವೇ ಬರುವುದಿಲ್ಲ.

ಈ ಬ್ಯಾಟರಿ ವಿಷಯ ಸ್ವಲ್ಪ ಹೇಳಬೇಕು. ಅದು ಸಿಆರ್2032 ಅನ್ನುವ 3 ವೋಲ್ಟಿನ ಬಿಲ್ಲೆ ಸೆಲ್. ಸರ್ವರ್‌ನ ಪ್ಲಗ್‌ಗೆ ಕರೆಂಟ್ ಇರುವವರೆಗೂ ಆರ್‌ಟಿಸಿ ಗಡಿಯಾರ ಸ್ಟ್ಯಾಂಡ್‌ಬೈ ಕರೆಂಟ್‌ನಲ್ಲೇ ಓಡುತ್ತದೆ, ಈ ಸೆಲ್‌ಗೆ ಕೆಲಸವೇ ಇರುವುದಿಲ್ಲ. ಹಾಗಾಗಿ ಸೆಲ್ ಸತ್ತು ಎಷ್ಟೋ ಕಾಲ ಆಗಿದ್ದರೂ ಯುಪಿಎಸ್ ಕಾಪಾಡಿಕೊಂಡು ಬಂದಿರುತ್ತದೆ. ಬರೀ ರೀಬೂಟ್ ಮಾಡಿದರೂ ಗೊತ್ತಾಗುವುದಿಲ್ಲ, ಯಾಕೆಂದರೆ ಪ್ಲಗ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಯುಪಿಎಸ್ ಪೂರ್ತಿ ಕೈಕೊಟ್ಟ ದಿನವೇ ಗುಟ್ಟು ರಟ್ಟಾಗುವುದು.

ಗಡಿಯಾರ ತಪ್ಪಿದರೆ ಡಿಎನ್‌ಎಸ್ ಯಾಕೆ ಸಾಯುತ್ತದೆ?

ಇದೇ ಇಲ್ಲಿನ ಗಟ್ಟಿ ವಿಷಯ, ನಿಧಾನವಾಗಿ ಓದಿ. ಬೈಂಡ್ ಅನ್ನುವ ಡಿಎನ್‌ಎಸ್ ಪ್ರೋಗ್ರಾಮ್‌ನ ಈಚಿನ ಆವೃತ್ತಿಗಳಲ್ಲಿ ಡಿಎನ್‌ಎಸ್‌ಸೆಕ್ ವ್ಯಾಲಿಡೇಶನ್ ತಾನಾಗಿಯೇ ಆನ್ ಇರುತ್ತದೆ. ಅಂದ್ರೆ ಹೊರಗಿನ ಹೆಸರು ಕೇಳಿದಾಗ ಬರುವ ಉತ್ತರದ ಡಿಜಿಟಲ್ ಸಹಿಯನ್ನು ಅದು ಪರೀಕ್ಷೆ ಮಾಡುತ್ತದೆ. ಪ್ರತಿ ಸಹಿಗೂ "ಇಂಥ ದಿನದಿಂದ ಇಂಥ ದಿನದವರೆಗೆ" ಅನ್ನುವ ಅವಧಿ ಇರುತ್ತದೆ. ನಿಮ್ಮ ಸರ್ವರ್ ಎರಡು ವರ್ಷ ಹಿಂದೆ ನಿಂತಿದ್ದರೆ ಇವತ್ತಿನ ಸಹಿ ಅದರ ಕಣ್ಣಿಗೆ ಇನ್ನೂ ಹುಟ್ಟೇ ಇಲ್ಲದ ಸಹಿ. ಅದು ಒಪ್ಪುವುದಿಲ್ಲ, ಸರ್ವ್‌ಫೇಲ್, ಅಂದ್ರೆ ನನ್ನಿಂದ ಆಗಲಿಲ್ಲ ಅಂತ ಉತ್ತರ ಕೊಡುತ್ತದೆ. ನೀವು ಕೇಳಿದ ಡೊಮೇನ್‌ಗೆ ಸಹಿಯೇ ಇಲ್ಲದಿದ್ದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. "ಇದಕ್ಕೆ ಸಹಿ ಇಲ್ಲ" ಅನ್ನುವುದನ್ನು ಮೇಲಿನ ರೂಟ್, ಅದರ ಕೆಳಗಿನ ವಲಯ ಸಹಿ ಹಾಕಿ ಹೇಳಬೇಕಲ್ವಾ, ಆ ಸಹಿಯ ತಾರೀಖೂ ಇದಕ್ಕೆ ಹೊಂದುವುದಿಲ್ಲ.

ಒಳಗಿನ ಹೆಸರುಗಳು, ಅಂದ್ರೆ ನಿಮ್ಮದೇ ಜೋನ್ ಫೈಲ್‌ನಲ್ಲಿರುವ ಫೈಲ್ ಸರ್ವರ್, ಪ್ರಿಂಟರ್, ಇಆರ್‌ಪಿ ಹೆಸರುಗಳು ಮಾತ್ರ ಚೆನ್ನಾಗಿ ಬರುತ್ತವೆ. ಅದಕ್ಕೆ ಸಹಿ ಪರೀಕ್ಷೆಯ ಗೊಡವೆ ಇಲ್ಲ. ಇದನ್ನು ನೋಡಿದವರು "ಡಿಎನ್‌ಎಸ್ ಸರಿ ಇದೆ, ಇಂಟರ್‌ನೆಟ್ ಲೈನ್ ಹೋಗಿದೆ" ಅಂತ ತೀರ್ಮಾನಿಸಿ ಲೈನ್ ಕೊಟ್ಟವರಿಗೆ ಫೋನ್ ಹಚ್ಚಿ ಜಗಳಕ್ಕೆ ಕೂರುತ್ತಾರೆ. ಅರ್ಧ ದಿನ ಹೋಗುವುದು ಅಲ್ಲೇ. ಖಚಿತ ಮಾಡಿಕೊಳ್ಳಲು ಒಂದು ಸುಲಭದ ಪರೀಕ್ಷೆ ಇದೆ. ಸರ್ವರ್ ಮೇಲೆ 'ಡಿಗ್' ಕಮಾಂಡ್‌ನಿಂದ ಹೊರಗಿನ ಒಂದು ಹೆಸರು ಕೇಳಿ, ಸರ್ವ್‌ಫೇಲ್ ಬರುತ್ತದೆ. ಅದೇ ಕಮಾಂಡ್‌ಗೆ ಪ್ಲಸ್ ಚಿಹ್ನೆ ಹಾಕಿ 'ಸಿಡಿ' ಅನ್ನುವ ಆಯ್ಕೆ ಸೇರಿಸಿ ಮತ್ತೆ ಕೇಳಿ. ಸಹಿ ಪರೀಕ್ಷೆ ಬಿಟ್ಟು ಉತ್ತರ ಕೊಡು ಅಂತ ಅದರ ಅರ್ಥ. ಈಗ ಉತ್ತರ ಬಂದರೆ ಲೈನ್ ಸರಿ ಇದೆ, ಫೈರ್‌ವಾಲ್ ಸರಿ ಇದೆ, ತಕರಾರು ಸಹಿಯಲ್ಲಿದೆ. ಅದರ ಜೊತೆಗೆ ತಾರೀಖೂ ತಪ್ಪಿದ್ದರೆ ಮುಂದೆ ಹುಡುಕುವ ಅಗತ್ಯವೇ ಇಲ್ಲ.

ಗಂಟು ಬೀಳುವುದು ಇಲ್ಲಿ. ಗಡಿಯಾರ ತಾನಾಗಿ ಸರಿಹೋಗಬೇಕಿತ್ತಲ್ವಾ, ಸಮಯ ಸಿಂಕ್ ಮಾಡುವ ಕ್ರೋನಿ ಇದೆಯಲ್ಲ? ಇದೆ. ಆದರೆ ಕ್ರೋನಿಯ ಕಾನ್ಫಿಗ್ ಫೈಲ್‌ನಲ್ಲಿ ಟೈಮ್ ಸರ್ವರ್‌ಗಳನ್ನು ಹೆಸರಿನಲ್ಲೇ ಬರೆದಿರುತ್ತಾರೆ. ಆ ಹೆಸರು ಐಪಿ ಆಗಬೇಕಾದರೆ ಡಿಎನ್‌ಎಸ್ ಬೇಕು. ಡಿಎನ್‌ಎಸ್ ಕೆಲಸ ಮಾಡಬೇಕಾದರೆ ಸಮಯ ಸರಿ ಇರಬೇಕು. ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ ಅನ್ನುವ ಪರಿಸ್ಥಿತಿ. ಹೀಗೆ ಬಿಟ್ಟರೆ ವಾರ ಆದರೂ ತಾನಾಗಿ ಬಿಡಿಸಿಕೊಳ್ಳುವುದಿಲ್ಲ, ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅಷ್ಟೇ.

ಕ್ರೋನಿ ಇದೇ ಸ್ಥಿತಿಯಲ್ಲಿದೆಯಾ ಅಂತ ನೋಡಲು 'ಕ್ರೋನಿಸಿ ಆಕ್ಟಿವಿಟಿ' ಕೊಡಿ. ಕೊನೆಯ ಸಾಲಿನಲ್ಲಿ ವಿಳಾಸ ಗೊತ್ತಿಲ್ಲದ ಸೋರ್ಸ್‌ಗಳು ಎಷ್ಟು ಅಂತ ಇರುತ್ತದೆ. ಎಲ್ಲವೂ ಅಲ್ಲೇ ಕೂತಿದ್ದರೆ ಹೆಸರು ಸಿಗದೆ ನಿಂತಿದೆ ಅಂತ ಅರ್ಥ. ಅಲ್ಲಿ ಸೊನ್ನೆ ಇದ್ದು, 'ಕ್ರೋನಿಸಿ ಸೋರ್ಸಸ್' ಪಟ್ಟಿಯಲ್ಲಿ ಸರ್ವರ್‌ಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇದ್ದರೆ, ಹೆಸರು ಸಿಕ್ಕಿದೆ ಆದರೆ ಉತ್ತರ ಬರುತ್ತಿಲ್ಲ. ಆಗ ಫೈರ್‌ವಾಲ್‌ನಲ್ಲಿ ಯುಡಿಪಿ 123ನೇ ಪೋರ್ಟ್ ಮುಚ್ಚಿದೆಯಾ ನೋಡಿ. ಅದೇ ಪಟ್ಟಿಯಲ್ಲಿ 'ರೀಚ್' ಅನ್ನುವ ಕಾಲಂ ಇದೆ, ಅಲ್ಲಿ 377 ಇದ್ದರೆ ಗಾಬರಿ ಆಗಬೇಡಿ, ಅದು ಆಕ್ಟಲ್ ಲೆಕ್ಕ (ಹತ್ತರ ಬದಲು ಎಂಟರ ಆಧಾರದ್ದು), ಕಳೆದ ಎಂಟು ಸಲ ಕೇಳಿದ್ದಕ್ಕೂ ಎಂಟು ಸಲವೂ ಉತ್ತರ ಬಂದಿದೆ ಅಂತ. ಸೊನ್ನೆ ಇದ್ದರೆ ಒಂದೂ ಬಂದಿಲ್ಲ.

ಡಿಎಚ್‌ಸಿಪಿ ಮತ್ತು ಲಾಗಿನ್

ಸ್ಕ್ಯಾನರ್‌ಗೆ ಐಪಿ ಯಾಕೆ ಬರಲಿಲ್ಲ? ಡಿಎಚ್‌ಸಿಪಿ ಸರ್ವರ್ ತಾನು ಕೊಟ್ಟ ಪ್ರತಿ ಐಪಿಗೂ "ಇಂಥ ತಾರೀಖು, ಇಷ್ಟು ಗಂಟೆಗೆ ಮುಗಿಯುತ್ತದೆ" ಅಂತ ಲೀಸ್ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಗಡಿಯಾರ ಹಿಂದಕ್ಕೆ ಹೋದರೆ ಹಳೆಯ ಲೀಸ್‌ಗಳೆಲ್ಲ ಇನ್ನೂ ವರ್ಷಗಟ್ಟಲೆ ಬಾಕಿ ಇರುವ ಹಾಗೆ ಕಾಣುತ್ತವೆ. ಒಂದೂ ಖಾಲಿ ಆಗುವುದಿಲ್ಲ. ಹೆಸರಲ್ಲಿ ಲೀಸ್ ಇರುವ ಕಂಪ್ಯೂಟರ್ ಬಂದು ಕೇಳಿದರೆ ಅದರ ಐಪಿ ಅದಕ್ಕೇ ಸಿಗುತ್ತದೆ, ಹೊಸದಾಗಿ ಬಂದ ಸ್ಕ್ಯಾನರ್, ಗುತ್ತಿಗೆಯವರ ಲ್ಯಾಪ್‌ಟಾಪ್, ಮೊಬೈಲ್‌ಗೆ ಜಾಗ ಇಲ್ಲ. ಹಂಚಲು ಇಟ್ಟ ಐಪಿಗಳ ಗುಂಪು, ಅಂದ್ರೆ ಪೂಲ್, ದೊಡ್ಡದಿದ್ದರೆ ಸ್ವಲ್ಪ ಹೊತ್ತು ತಡೆಯುತ್ತದೆ, ಮೊದಲೇ ಇಕ್ಕಟ್ಟಾಗಿದ್ದರೆ ಬೆಳಗ್ಗೆಯೇ ಮುಗಿಯುತ್ತದೆ. ಲಾಗ್‌ನಲ್ಲಿ 'ನೋ ಫ್ರೀ ಲೀಸಸ್' ಅಂತ ಸಾಲು ಸಾಲಾಗಿ ಬರುತ್ತಿರುತ್ತದೆ. ಐಪಿ ಸಿಗದ ವಿಂಡೋಸ್ ಕಂಪ್ಯೂಟರ್ 169.254ರಿಂದ ಶುರುವಾಗುವ ವಿಳಾಸವನ್ನು ತಾನೇ ಹಾಕಿಕೊಂಡು ಕೂರುತ್ತದೆ. ಇದನ್ನು ನೋಡಿ ಪೂಲ್ ದೊಡ್ಡದು ಮಾಡಿದರೆ ಆ ದೂರು ಆ ಹೊತ್ತಿಗೆ ನಿಲ್ಲುತ್ತದೆ, ನಿಜವಾದ ರೋಗ ಒಳಗೇ ಉಳಿಯುತ್ತದೆ.

ಲಾಗಿನ್ ವಿಷಯ ಹಲವರಿಗೆ ಗೊತ್ತಿರುವಂಥದ್ದೇ. ಡೊಮೇನ್ ಲಾಗಿನ್‌ನ ಹಿಂದಿರುವ ಕರ್ಬರೋಸ್‌ಗೆ ಎರಡೂ ಕಡೆಯ ಗಡಿಯಾರದಲ್ಲಿ ಡಿಫಾಲ್ಟ್ ಆಗಿ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಲಿನಕ್ಸ್ ಕ್ಲೈಂಟ್ ಮೇಲೆ 'ಕೈನಿಟ್' ಹೊಡೆದಾಗ 'ಕ್ಲಾಕ್ ಸ್ಕ್ಯೂ ಟೂ ಗ್ರೇಟ್' ಅಂತ ಬಂದರೆ ಮಾತು ಮುಗಿಯಿತು. ವಿಂಡೋಸ್‌ನಲ್ಲಿ ಇದು ಮುಚ್ಚಿಹೋಗುತ್ತದೆ. ಹಿಂದೆ ಲಾಗಿನ್ ಆದ ಹತ್ತು ಖಾತೆಗಳ ನೆನಪನ್ನು ವಿಂಡೋಸ್ ಡಿಫಾಲ್ಟ್ ಆಗಿ ಇಟ್ಟುಕೊಂಡಿರುತ್ತದೆ, ಡೊಮೇನ್ ಸಿಗದಿದ್ದರೂ ಆ ನೆನಪಿನ ಮೇಲೆ ಒಳಗೆ ಬಿಡುತ್ತದೆ, ಶೇರ್ ತೆರೆಯುವಾಗ ಸಿಕ್ಕಿಬೀಳುತ್ತದೆ. ಇನ್ನೊಂದು ಬಲೆ ಇದೆ. ಹೆಸರಿನಿಂದ ತೆರೆಯದ ಶೇರ್, ಐಪಿ ನಂಬರ್ ಕೊಟ್ಟರೆ ತೆರೆದುಕೊಳ್ಳಬಹುದು. ಇದು ಡಿಎನ್‌ಎಸ್ ತೊಂದರೆಯೇ ಅಂತ ಎದೆ ತಟ್ಟಿ ಹೇಳುವಂತೆ ಮಾಡುತ್ತದೆ. ಅಲ್ಲ. ಐಪಿಯಿಂದ ಹೋದಾಗ ವಿಂಡೋಸ್ ಸಾಮಾನ್ಯವಾಗಿ ಕರ್ಬರೋಸ್ ಬಿಟ್ಟು ಹಳೆಯ ಎನ್‌ಟಿಎಲ್‌ಎಂ ದಾರಿ ಹಿಡಿಯುತ್ತದೆ, ಅದಕ್ಕೆ ಐದು ನಿಮಿಷದ ಆ ನಿಯಮ ಇಲ್ಲ.

"ಸರ್ವರ್ ಟೈಮ್ ತಪ್ಪಿದ್ದರೆ ಕಂಪ್ಯೂಟರ್‌ಗಳೂ ಅದರದ್ದೇ ಟೈಮ್ ತಗೊಂಡು ಎಲ್ಲವೂ ಒಟ್ಟಿಗೆ ತಪ್ಪಬೇಕಿತ್ತಲ್ಲ?" ಅಂತ ಕೇಳಬಹುದು. ಕ್ರೋನಿಗೆ ಮೇಲಿನಿಂದ ಸಮಯ ಸಿಗದಿದ್ದರೆ ಅದು ಕೆಳಗಿನವರಿಗೂ "ನಾನು ಸಿಂಕ್ ಆಗಿಲ್ಲ" ಅಂತಲೇ ಹೇಳುತ್ತದೆ, ಹಾಗಾಗಿ ಅವು ನಂಬುವುದಿಲ್ಲ. ಆದರೆ ಕಾನ್ಫಿಗ್‌ನಲ್ಲಿ ಯಾರಾದರೂ 'ಲೋಕಲ್ ಸ್ಟ್ರೇಟಮ್ 10' ಅನ್ನುವ ಸಾಲು ಹಾಕಿದ್ದರೆ, ತಪ್ಪು ಸಮಯವನ್ನೇ ಸರಿ ಅಂತ ಊರೆಲ್ಲ ಹಂಚುತ್ತದೆ. ಕೆಲವು ಕಂಪ್ಯೂಟರ್ ಅದರ ಹಿಂದೆ ಹೋಗಿ, ಕೆಲವು ಹೋಗದೆ, ಬೆಳಗ್ಗೆಯೊಳಗೆ ಪೂರ್ತಿ ಗೋಜಲು. ಒಂದೇ ಸರ್ವರ್ ಇರುವ ಕಡೆ ಆ ಸಾಲು ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಲಾಗ್ ನೋಡುವಾಗ ಒಂದು ಎಚ್ಚರ

ತಾರೀಖು ಹಿಂದೆ ಹೋದ ಸರ್ವರ್‌ನ ಲಾಗ್ ಸುಳ್ಳು ಹೇಳುತ್ತದೆ. ಇವತ್ತು ಬೆಳಗಿನ ಎರರ್, ಎರಡು ವರ್ಷ ಹಿಂದಿನ ಸಾಲುಗಳ ನಡುವೆ ಸೇರಿಕೊಂಡಿರುತ್ತದೆ, "ಇವತ್ತಿನಿಂದ" ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಅದಕ್ಕೆ 'ಜರ್ನಲ್‌ಸಿಟಿಎಲ್' ಕಮಾಂಡ್‌ಗೆ ಈ ಬೂಟ್‌ನದ್ದು ಮಾತ್ರ ಅನ್ನುವ 'ಬಿ' ಆಯ್ಕೆ, ಔಟ್‌ಪುಟ್‌ಗೆ 'ಶಾರ್ಟ್ ಮೊನೊಟಾನಿಕ್' ಅನ್ನುವ ಆಯ್ಕೆ ಕೊಡಿ. ಆಗ ತಾರೀಖಿನ ಬದಲು ಬೂಟ್ ಆಗಿ ಎಷ್ಟು ಸೆಕೆಂಡ್ ಆಯಿತು ಅನ್ನುವ ಲೆಕ್ಕ ಬರುತ್ತದೆ, ಅದನ್ನು ತಪ್ಪು ಗಡಿಯಾರ ಕೆಡಿಸಲಾರದು. ಯಾವುದು ಮೊದಲು ಬಿತ್ತು, ಯಾವುದು ಆಮೇಲೆ ಬಿತ್ತು ಅಂತ ಅದರಲ್ಲೇ ನೋಡಿ. ರೀಸ್ಟಾರ್ಟ್ ಮಾಡುವ ಮೊದಲು ಇದರ ಒಂದು ಪ್ರತಿ ಬೇರೆ ಕಡೆ ಉಳಿಸಿಕೊಳ್ಳಿ.

ಸರಿ ಮಾಡುವ ಕ್ರಮ, ಇದನ್ನು ಹಿಂದೆ ಮುಂದೆ ಮಾಡಬೇಡಿ

ಮೊದಲು ಡಿಎಚ್‌ಸಿಪಿ ಸರ್ವಿಸ್ ನಿಲ್ಲಿಸಿ, ಕಾರಣ ಮುಂದೆ ಹೇಳುತ್ತೇನೆ. ಆಮೇಲೆ ಕ್ರೋನಿ ನಿಲ್ಲಿಸಿ, 'ಡೇಟ್' ಕಮಾಂಡ್‌ನಿಂದ ಮೊಬೈಲ್ ನೋಡಿಕೊಂಡು ಕೈಯಲ್ಲೇ ಸಮಯ ಹಾಕಿ. ಒಂದೆರಡು ನಿಮಿಷ ಹೆಚ್ಚು ಕಡಿಮೆ ಆದರೂ ಪರವಾಗಿಲ್ಲ, ಸಹಿ ಪರೀಕ್ಷೆಗೆ ಅಷ್ಟು ಸಾಕು. ಕ್ರೋನಿ ನಿಲ್ಲಿಸದೆ 'ಟೈಮ್‌ಡೇಟ್‌ಸಿಟಿಎಲ್' ಮೂಲಕ ಹಾಕಲು ಹೋದರೆ ಆಟೋಮ್ಯಾಟಿಕ್ ಸಿಂಕ್ ಆನ್ ಇದೆ ಅಂತ ತಗಾದೆ ತೆಗೆಯುತ್ತದೆ. ಸಮಯ ಹಾಕಿದ ಮೇಲೆ 'ಆರ್‌ಎನ್‌ಡಿಸಿ ಫ್ಲಶ್' ಕೊಟ್ಟು ಬೈಂಡ್‌ನ ಕ್ಯಾಶ್ ಖಾಲಿ ಮಾಡಿ, 'ಡಿಗ್' ಮತ್ತೆ ಓಡಿಸಿ. ಉತ್ತರ ಬಂದರೆ ಕ್ರೋನಿ ಶುರು ಮಾಡಿ.

ಕ್ರೋನಿ ಒಮ್ಮೆಗೇ ಸಮಯ ಹಾರಿಸುತ್ತದೆಯೋ ನಿಧಾನಕ್ಕೆ ಎಳೆಯುತ್ತದೆಯೋ ಅನ್ನುವುದು 'ಮೇಕ್‌ಸ್ಟೆಪ್' ಸಾಲಿನ ಮೇಲೆ ನಿಂತಿದೆ. ಸಾಮಾನ್ಯವಾಗಿ ಅಲ್ಲಿ 1 ಮತ್ತು 3 ಅಂತ ಇರುತ್ತದೆ: ವ್ಯತ್ಯಾಸ ಒಂದು ಸೆಕೆಂಡಿಗಿಂತ ಜಾಸ್ತಿ ಇದ್ದರೆ ಮೊದಲ ಮೂರು ಅಪ್‌ಡೇಟ್‌ಗಳಲ್ಲಿ ಮಾತ್ರ ಹಾರಿಸು ಅಂತ. ಆ ಮೂರು ಮುಗಿದ ಮೇಲೆ ಬರೀ ಎಳೆತ. ಎಳೆತದ ಡಿಫಾಲ್ಟ್ ಗರಿಷ್ಠ ವೇಗ ಸುಮಾರು ಹನ್ನೆರಡರಲ್ಲಿ ಒಂದು ಪಾಲು. ಅಂದ್ರೆ ಒಂದು ಗಂಟೆಯ ತಪ್ಪನ್ನು ತಿದ್ದಲು ಹನ್ನೆರಡು ಗಂಟೆ, ಒಂದು ವರ್ಷದ ತಪ್ಪಿಗೆ ಹನ್ನೆರಡು ವರ್ಷ. ಕಾಯ್ತೀರಾ? 'ಕ್ರೋನಿಸಿ ಮೇಕ್‌ಸ್ಟೆಪ್' ಅಂತ ಕೈಯಿಂದ ಕೊಟ್ಟರೆ ತಕ್ಷಣ ಹಾರುತ್ತದೆ. ಕ್ರೋನಿ ಬದಲು ಹಳೆಯ ಎನ್‌ಟಿಪಿಡಿ ಇನ್ನೂ ಓಡಿಸುತ್ತಿದ್ದರೆ ಅದರ ಗುಣ ಬೇರೆ, 1000 ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಕೆಲಸ ಬಿಟ್ಟು ಎದ್ದುಹೋಗುತ್ತದೆ, 'ಜಿ' ಆಯ್ಕೆ ಹಾಕಿ ಶುರು ಮಾಡಬೇಕು. ವಿಂಡೋಸ್ ಡೊಮೇನ್ ಕಂಟ್ರೋಲರ್ ಇದ್ದ ಕಡೆ 'ಡಬ್ಲ್ಯೂ32ಟಿಎಂ' ಕಮಾಂಡ್‌ನಿಂದ ಸೋರ್ಸ್ ಕೇಳಿ. 'ಲೋಕಲ್ ಸಿಮಾಸ್ ಕ್ಲಾಕ್' ಅಂತ ಬಂದರೆ ಅದು ಹೊರಗಿನ ಯಾವ ಸಮಯವನ್ನೂ ನೋಡುತ್ತಿಲ್ಲ. ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ 48 ಗಂಟೆಗಿಂತ ಜಾಸ್ತಿ ತಪ್ಪಿದ್ದರೆ ಅದು ತಾನಾಗಿ ತಿದ್ದಿಕೊಳ್ಳುವುದೂ ಇಲ್ಲ, ಕೈಯಿಂದಲೇ ಹಾಕಬೇಕು.

ಸಮಯ ನಿಂತ ಮೇಲೆ 'ಎಚ್‌ಡಬ್ಲ್ಯೂಕ್ಲಾಕ್' ಮೂಲಕ ಅದನ್ನು ಆರ್‌ಟಿಸಿಗೂ ಬರೆಸಿ.

ಈಗ ಡಿಎಚ್‌ಸಿಪಿ. ತಪ್ಪು ತಾರೀಖಿನಲ್ಲಿ ಕೊಟ್ಟ ಲೀಸ್‌ಗಳೆಲ್ಲ, ಗಡಿಯಾರ ಸರಿ ಆದ ಕೂಡಲೇ ವರ್ಷಗಳ ಹಿಂದೆ ಮುಗಿದುಹೋದ ಲೀಸ್ ಆಗಿಬಿಡುತ್ತವೆ. ಸರ್ವರ್ ಆ ಐಪಿಗಳು ಖಾಲಿ ಅಂದುಕೊಂಡು ಬೇರೆಯವರಿಗೆ ಕೊಡುತ್ತದೆ. ಆದರೆ ಕ್ಲೈಂಟ್ ಕಡೆ ಲೀಸ್ ಇರುವುದು ತಾರೀಖಿನ ಲೆಕ್ಕದಲ್ಲಿ ಅಲ್ಲ, "ಇಷ್ಟು ಸೆಕೆಂಡ್" ಅನ್ನುವ ಲೆಕ್ಕದಲ್ಲಿ, ಹಾಗಾಗಿ ಬೆಳಗ್ಗೆ ಐಪಿ ಪಡೆದವರು ಇನ್ನೂ ಆರಾಮಾಗಿ ಅದನ್ನೇ ಬಳಸುತ್ತಿರುತ್ತಾರೆ. ಒಂದೇ ಐಪಿ ಇಬ್ಬರಿಗೆ. ಐಎಸ್‌ಸಿ ಸಂಸ್ಥೆಯ ಡಿಎಚ್‌ಸಿಪಿ ಪ್ರೋಗ್ರಾಮ್ ಐಪಿ ಕೊಡುವ ಮೊದಲು ಒಂದು ಪಿಂಗ್ ಹಾಕಿ ನೋಡುತ್ತದೆ, ಆದರೆ ಎಷ್ಟೋ ವಿಂಡೋಸ್ ಕಂಪ್ಯೂಟರ್‌ಗಳ ಫೈರ್‌ವಾಲ್ ಪಿಂಗ್‌ಗೆ ಉತ್ತರವನ್ನೇ ಕೊಡುವುದಿಲ್ಲ. ಹಾಗಾಗಿ ಗಡಿಯಾರ ಸರಿ ಆದ ಮೇಲೆ ಡಿಎಚ್‌ಸಿಪಿ ಶುರು ಮಾಡಿ, ಎಲ್ಲ ಕಂಪ್ಯೂಟರ್‌ಗಳನ್ನೂ ಒಂದು ಸಲ ರೀಸ್ಟಾರ್ಟ್ ಮಾಡಿಸಿ. ಊಟದ ಬಿಡುವು ಇದಕ್ಕೆ ಒಳ್ಳೆಯ ಹೊತ್ತು. ಲಾಗಿನ್‌ಗೆ ಕರ್ಬರೋಸ್ ಕೊಟ್ಟ ಹಳೆಯ ಟಿಕೆಟ್‌ಗಳ (ಪ್ರವೇಶ ಚೀಟಿಗಳ) ತಕರಾರೂ ಇದರಲ್ಲೇ ಮುಗಿಯುತ್ತದೆ. ಅಂದಹಾಗೆ ಐಎಸ್‌ಸಿಯವರು ತಮ್ಮ ಹಳೆಯ ಡಿಎಚ್‌ಸಿಪಿ ಸರ್ವರ್‌ನ ನಿರ್ವಹಣೆಯನ್ನು 2022ರ ಕೊನೆಯಲ್ಲೇ ನಿಲ್ಲಿಸಿದ್ದಾರೆ, ಅದರ ಜಾಗಕ್ಕೆ ಅವರೇ ತಂದ ಕೀಯಾಗೆ ಬದಲಾಗದವರು ಬದಲಾಗುವುದು ಒಳ್ಳೆಯದು. ಆದರೆ ಆ ಕೆಲಸ ಇವತ್ತು ಬೇಡ.

ಗಡಿಯಾರ ಸರಿಯಾಗೇ ಇತ್ತು, ಆದರೂ ಇವೇ ತೊಂದರೆಗಳು ಅಂದ್ರೆ? ಆಗ ಡಿಸ್ಕ್ ತುಂಬಿದೆಯಾ ನೋಡಿ. ಸ್ವಿಚ್‌ನ ಕಾನ್ಫಿಗ್ ಯಾರೋ ಸೇವ್ ಮಾಡದೆ ಬಿಟ್ಟು, ಕರೆಂಟ್ ಹೋದಾಗ ಅಳಿಸಿದೆಯಾ ನೋಡಿ. ಯಾರಾದರೂ ಮನೆಯ ವೈಫೈ ರೌಟರ್ ತಂದು ಚುಚ್ಚಿದ್ದಾರಾ ಅನ್ನುವುದನ್ನು ಕ್ಲೈಂಟ್ ಮೇಲೆ 'ಐಪಿಕಾನ್ಫಿಗ್' ಕಮಾಂಡ್‌ನ 'ಆಲ್' ಆಯ್ಕೆ ಹೇಳುತ್ತದೆ, ಅಲ್ಲಿ ಡಿಎಚ್‌ಸಿಪಿ ಸರ್ವರ್ ಅನ್ನುವ ಸಾಲಿನಲ್ಲಿ ನಿಮ್ಮ ಸರ್ವರ್‌ನದ್ದಲ್ಲದ ಐಪಿ ಇರುತ್ತದೆ.

ಮತ್ತೆ ಬರದ ಹಾಗೆ

ಸೆಲ್ ಬದಲಾಯಿಸಿ. ಡೂಮ್‌ಲೈಟ್ ಸರ್ಕಲ್ ಸುತ್ತಮುತ್ತ ಯಾವ ವಾಚ್ ಅಂಗಡಿಗೆ ಹೋದರೂ ಕೇಳಿ ನೋಡಬಹುದಾದ ಸೆಲ್ ಅದು, ಇದಕ್ಕಾಗಿ ಸರ್ವರ್ ಕಂಪನಿಗೆ ಟಿಕೆಟ್ ಹಾಕಿ ಕಾಯಬೇಕಿಲ್ಲ. ವಾರಂಟಿ ಇದ್ದರೆ ಮಾತ್ರ ಒಮ್ಮೆ ಕೇಳಿಕೊಂಡು ಡಬ್ಬಿ ತೆರೆಯಿರಿ. ಹಲವು ಸರ್ವರ್‌ಗಳಲ್ಲಿ ಹಾರ್ಡ್‌ವೇರ್ ಸ್ಥಿತಿ ತೋರಿಸುವ 'ಐಪಿಎಂಐಟೂಲ್' ಕಮಾಂಡ್‌ನ ಸೆನ್ಸರ್ ಪಟ್ಟಿಯಲ್ಲೇ ಈ ಬ್ಯಾಟರಿಯ ಸ್ಥಿತಿ ಕಾಣುತ್ತದೆ, ಅದನ್ನು ಮಾನಿಟರಿಂಗ್‌ಗೆ ಸೇರಿಸಿ.

ಅದಕ್ಕಿಂತ ಮುಖ್ಯವಾದದ್ದು, ಕ್ರೋನಿಗೆ ಹೆಸರಿನ ಜೊತೆ ಒಂದಾದರೂ ಸೋರ್ಸನ್ನು ಐಪಿ ನಂಬರ್‌ನಲ್ಲೇ ಕೊಡಿ. ನಿಮ್ಮ ಫೈರ್‌ವಾಲ್ ಅಥವಾ ಕೋರ್ ಸ್ವಿಚ್ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಸಮಯ) ಕೊಡುವಂಥದ್ದಾದರೆ ಅದರ ಐಪಿ ಹಾಕಿ. ಆ ಫೈರ್‌ವಾಲ್ ಡಿಎನ್‌ಎಸ್‌ಗಾಗಿ ಮತ್ತೆ ಇದೇ ಸರ್ವರ್‌ನ ಬಾಗಿಲಿಗೆ ಬರಬಾರದು, ಅದನ್ನು ನೋಡಿಕೊಳ್ಳಿ. ಹೆಸರಿನ ಸೋರ್ಸ್‌ಗಳಿಗೆ ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಟೈಮ್ ಸರ್ವರ್‌ಗಳು, ಇಲ್ಲವೇ ಅವಕ್ಕೆ ಸಿಂಕ್ ಆಗಿರುವವು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನ ಕೇಳುವುದೂ ಅದನ್ನೇ. ಲಾಗ್‌ಗಳನ್ನು 180 ದಿನ ಇಡಬೇಕು ಅನ್ನುವುದೂ ಅದೇ ನಿರ್ದೇಶನ, ತಪ್ಪು ತಾರೀಖಿನ ಲಾಗ್ ಇಟ್ಟು ಏನು ಪ್ರಯೋಜನ ಅಂತ ಆಡಿಟ್‌ಗೆ ಬಂದವರು ಕೇಳಿದರೆ ಉತ್ತರ ನಿಮ್ಮ ಹತ್ತಿರ ಇರಬೇಕು.

ಸಹಿ ಪರೀಕ್ಷೆಯೇ ಕಾಟ ಕೊಟ್ಟಿತಲ್ಲ, ಡಿಎನ್‌ಎಸ್‌ಸೆಕ್ ಆಫ್ ಮಾಡಿಬಿಡೋಣ ಅಂತ ಕೆಲವರು ಹೇಳುತ್ತಾರೆ. ಬೇಡ. ಅದು ತನ್ನ ಕೆಲಸ ಸರಿಯಾಗೇ ಮಾಡಿದೆ.

ಕೊನೆಗೆ ಪಂಚಿಂಗ್ ಮಷಿನ್. ಹಾಜರಾತಿ ಮಷಿನ್‌ಗಳು ಸರ್ವರ್‌ನಿಂದಲೇ ಸಮಯ ತೆಗೆದುಕೊಳ್ಳುವ ಹಾಗೆ ಇಟ್ಟಿದ್ದರೆ, ಆ ಬೆಳಗ್ಗೆ ಬೆರಳು ಒತ್ತಿದವರೆಲ್ಲ ಎರಡು ವರ್ಷ ಹಿಂದೆ ಕೆಲಸಕ್ಕೆ ಬಂದಿದ್ದಾರೆ ಅಂತ ದಾಖಲೆ ಆಗಿರುತ್ತದೆ. ನೆಟ್ ಬಂತು ಅಂತ ಎಲ್ಲರೂ ಸುಮ್ಮನಾದ ಮೇಲೆ ಸಂಬಳದ ಹೊತ್ತಿಗೆ ಇದು ಎದ್ದು ಕೂರುತ್ತದೆ. ಅವತ್ತೇ ಎಚ್‌ಆರ್‌ನವರಿಗೆ ಹೇಳಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ತಪ್ಪು ಸಮಯ ಓಡಿತು ಅಂತ ಮೆಯ್ಲ್‌ನಲ್ಲಿ ಬರೆದು ಕೊಡಿ. ಮಷಿನ್‌ನ ಮೂಲ ದಾಖಲೆಯನ್ನು ಯಾರೂ ತಿದ್ದದೆ ಹಾಗೇ ಇಟ್ಟು, ತಿದ್ದುಪಡಿಯನ್ನು ಬೇರೆ ಎಂಟ್ರಿಯಾಗಿ ಹಾಕಲು ಹೇಳಿ. ಅವತ್ತು ಹೊರಟ ಬಿಲ್‌ಗಳ ತಾರೀಖನ್ನೂ ಅಕೌಂಟ್ಸ್‌ನವರು ಒಮ್ಮೆ ನೋಡಲಿ, ಹಿಂದಿನ ರಾತ್ರಿಯ ಬ್ಯಾಕಪ್ ಯಾವ ತಾರೀಖಿನ ಹೆಸರಲ್ಲಿ ಕೂತಿದೆ ಅಂತ ನೀವು ನೋಡಿ.